ಬಂಡಿ ಗಾಲಿಯ ಬಾವುಟ

(ವಿಡಿಯೊದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಓದೋಕೆ ಸುಲಭ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ನಾನು ಹೈದರಾಬಾದಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕೆಲಸ ಸಾಫ್ಟ್‌ವೇರ್, ಮನೆ ಕೊಂಡಾಪುರ, ಊರು ಕಲಬುರಗಿ ಜಿಲ್ಲೆಯ ಆಳಂದ ತಾಲೂಕು. ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಹೋಮ್ ಲೋನ್, ಆನ್‌ಸೈಟು, ಮಕ್ಕಳಿಗೆ ಕನ್ನಡ ಕಲಿಸೋದು ಹೇಗೆ, ಇಂಥವು ಬರುತ್ತವೆ. ನಾನು ಇವತ್ತು ಬಾವುಟದ ಬಗ್ಗೆ ಮಾತಾಡ್ತೀನಿ. ಚಿತ್ರ ಬರೆಯೋಕೆ ಬಾರದ ಒಬ್ಬ ಎಂಜಿನಿಯರ್ ಒಂದು ಆಟದಲ್ಲಿ ಬಾವುಟ ಬರೆಯೋಕೆ ಹೋಗಿ ಏನಾಯ್ತು ಅನ್ನೋ ಕಥೆ.

2020ರ ಆಗಸ್ಟ್. ಎಲ್ಲರೂ ಮನೆಯಲ್ಲೇ ಇದ್ದೆವು, ನೆನಪಿದೆಯಲ್ಲ. ನಮ್ಮ ಎಂಟೆಕ್ ಬ್ಯಾಚಿನ ಹದಿನಾಲ್ಕು ಜನರ ಒಂದು ಗುಂಪಿದೆ. ಕೆಲವರು ಬೆಂಗಳೂರು, ಕೆಲವರು ಸಿಯಾಟಲ್, ಹೈದರಾಬಾದಿನಲ್ಲಿ ನಾವು ನಾಲ್ವರು. ಡಬ್ಲಿನ್‌ನಲ್ಲಿರೋ ದಾವಣಗೆರೆಯ ಗೆಳೆಯನಿಗೆ ಲಾಕ್‌ಡೌನಿನಲ್ಲಿ ಧ್ವಜದ ಹುಚ್ಚು ಹಿಡಿದಿತ್ತು. ಅವನು ಒಂದು ಸ್ಪರ್ಧೆ ಇಟ್ಟ. ಯಾವುದಾದರೂ ದೇಶದ ಧ್ವಜ ಬೇರೆ ಥರ ಆಗಿದ್ದರೆ ಹೇಗಿರುತ್ತಿತ್ತು ಅಂತ ವಿನ್ಯಾಸ ಮಾಡಬೇಕು. ಈಗ ಇರೋ ದೇಶ ಆಗಬಹುದು, ಹಿಂದೆ ಇದ್ದದ್ದು ಆಗಬಹುದು, ಆಗಬೇಕಿದ್ದು ಆಗದೇ ಹೋದದ್ದೂ ಆಗಬಹುದು. ಎಸ್‌ವಿಜಿ ಫೈಲ್ ಕಳಿಸಬೇಕು, ನೂರು ಪದದಲ್ಲಿ ವಿವರಣೆ ಬರೀಬೇಕು. ನಾಲ್ಕನೇ ರೂಲ್: ಭಾರತದ ಈಗಿನ ರಾಷ್ಟ್ರಧ್ವಜವನ್ನ ಮುಟ್ಟಬಾರದು. 1971ರ ಕಾನೂನು ಇದೆ ಅಂತ ಒಂದು ಕಾರಣ, ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಜಗಳ ಬೇಡ ಅಂತ ಇನ್ನೊಂದು.

ಗೆದ್ದವರಿಗೆ ಬಹುಮಾನ ಪ್ಯಾರಡೈಸ್ ಬಿರಿಯಾನಿ. ಡಬ್ಲಿನ್‌ನಿಂದ ಅದನ್ನ ಹೇಗೆ ಕೊಡಿಸ್ತಾನೆ ಅಂತ ಯಾರೂ ಕೇಳಲಿಲ್ಲ.

ನಾವೆಲ್ಲ ಎಂಜಿನಿಯರುಗಳು, ಆದ್ದರಿಂದ ಬರೆಯೋದಕ್ಕಿಂತ ಮೊದಲು ಡಾಕ್ಯುಮೆಂಟೇಶನ್ ಓದಿದೆವು. ಅಮೆರಿಕದ ಟೆಡ್ ಕೇ ಅನ್ನೋರು ಬರೆದ ‘ಗುಡ್ ಫ್ಲ್ಯಾಗ್, ಬ್ಯಾಡ್ ಫ್ಲ್ಯಾಗ್’ ಅನ್ನೋ ಪುಟ್ಟ ಪುಸ್ತಕ ಇದೆ. ಅದರಲ್ಲಿ ಐದು ಸೂತ್ರ. ಮಗು ನೆನಪಿನಿಂದ ಬರೆಯುವಷ್ಟು ಸರಳ ಇರಬೇಕು, ಚಿಹ್ನೆಗೆ ಅರ್ಥ ಇರಬೇಕು, ಎರಡು ಮೂರೇ ಬಣ್ಣ, ಅಕ್ಷರ ಮುದ್ರೆ ಬೇಡ, ಬೇರೆಯದರ ಹಾಗೆ ಕಾಣಬಾರದು. ಕೊನೇದು ಸಣ್ಣ ವಿಷಯ ಅನ್ನಿಸಬಹುದು. ಆದರೆ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದಾಗಲೇ ಹೈಟಿ ಮತ್ತು ಲಿಕ್ಟನ್‌ಸ್ಟೈನ್ ದೇಶಗಳಿಗೆ ತಮ್ಮಿಬ್ಬರ ಧ್ವಜ ಒಂದೇ ಅಂತ ಗೊತ್ತಾಗಿದ್ದು. ಆಮೇಲೆ ಲಿಕ್ಟನ್‌ಸ್ಟೈನ್ ತನ್ನದಕ್ಕೆ ಒಂದು ಕಿರೀಟ ಸೇರಿಸಿಕೊಂಡಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಐಡಿ ಕೊಲಿಷನ್, ಪ್ರೊಡಕ್ಷನ್‌ನಲ್ಲಿ ಸಿಕ್ಕ ಬಗ್. ನಮ್ಮ ಪಕ್ಕದ ನೇಪಾಳವಂತೂ ಇನ್ನೂ ಚೆಂದ. ಧ್ವಜವನ್ನ ಹೇಗೆ ಬರೆಯಬೇಕು, ಯಾವ ಗೆರೆ ಎಲ್ಲಿಂದ ಎಲ್ಲಿಗೆ ಅಂತ ಹಂತ ಹಂತವಾಗಿ ಸಂವಿಧಾನದ ಅನುಸೂಚಿಯಲ್ಲೇ ಬರೆದಿಟ್ಟಿದ್ದಾರೆ. ಸಂವಿಧಾನದಲ್ಲಿ ಅಲ್ಗಾರಿದಮ್!

ನಾನು ಆರಿಸಿಕೊಂಡದ್ದು ನಾನಿರೋ ಊರನ್ನ. ಹೈದರಾಬಾದ್ ಸಂಸ್ಥಾನ 1947ರ ಆಗಸ್ಟ್ 15ರಂದು ಭಾರತಕ್ಕೆ ಸೇರಲಿಲ್ಲ. ನಿಜಾಮರು ಬೇರೆಯಾಗೇ ಉಳಿಯೋಕೆ ನೋಡಿದರು. 1948ರ ಸೆಪ್ಟೆಂಬರ್ 17ರವರೆಗೆ, ಅಂದ್ರೆ ಸರಿಸುಮಾರು ಹದಿಮೂರು ತಿಂಗಳು, ಇದು ಆಗಬೇಕೆಂದು ಹೊರಟು ಆಗದೇ ಹೋದ ದೇಶ. ಬೀದರ್, ಕಲಬುರಗಿ, ರಾಯಚೂರು ಎಲ್ಲ ಅದರೊಳಗೇ. ಸ್ಪರ್ಧೆಗೆ ಇದಕ್ಕಿಂತ ಒಳ್ಳೆ ಕೇಸ್ ಸಿಗುತ್ತಾ?

ಆ ಧ್ವಜದ ಕಥೆ ಕೂಡ ರುಚಿಯಾಗಿದೆ. ಹಳದಿ ಬಟ್ಟೆ, ನಡುವೆ ಒಂದು ಗುಂಡು. ಆ ಗುಂಡು ಏನು ಗೊತ್ತಾ? ಕುಲ್ಚಾ. ಹೌದು, ತಿನ್ನೋ ಕುಲ್ಚಾ. ಮೊದಲನೇ ನಿಜಾಮರು ಒಬ್ಬ ಸೂಫಿ ಸಂತರ ಹತ್ತಿರ ಹೋದಾಗ ಅವರು ಹಳದಿ ಬಟ್ಟೆಯಲ್ಲಿ ಕಟ್ಟಿದ ಕುಲ್ಚಾ ಕೊಟ್ಟರಂತೆ. ಇವರು ಹಸಿದಿದ್ದರು, ಏಳು ತಿಂದರು. ನಿನ್ನ ವಂಶ ಏಳು ತಲೆಮಾರು ಆಳುತ್ತೆ ಅಂದರಂತೆ ಸಂತರು. ದಂತಕಥೆಯೇ, ಆದರೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಏಳನೇ ಅಸಫ್ ಜಾಹ್ ಅನ್ನೋದು ದಂತಕಥೆ ಅಲ್ಲ. ಇನ್ನೊಂದು ಕುಲ್ಚಾ ತಿಂದಿದ್ದರೆ ಅಂತ ಇಲ್ಲಿನವರು ಈಗಲೂ ತಮಾಷೆ ಮಾಡ್ತಾರೆ.

ನಾನು ಆ ಧ್ವಜದ ಮೇಲಿದ್ದ ಅಕ್ಷರಗಳನ್ನೆಲ್ಲ ತೆಗೆದೆ. ಹಳದಿ ಹಿನ್ನೆಲೆ, ಬಿಳಿ ವೃತ್ತ, ಅದರ ಮೇಲೆ ಏಳು ಕರಿ ಚುಕ್ಕೆ, ಎಳ್ಳಿನ ಹಾಗೆ. ಕೋಡ್ ಬರೆದರೆ ಒಂಬತ್ತೇ ಸಾಲು. ಐದಕ್ಕೆ ಐದು ಸೂತ್ರ ಪಾಸ್. ಬಿರಿಯಾನಿ ನಂದೇ ಅಂದುಕೊಂಡೆ. ಖುಷಿಯಲ್ಲಿ ಮನೆಯವರ ಗುಂಪಿಗೂ ಒಂದು ಕಳಿಸಿದೆ.

ಮರುದಿನ ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಿರುವಾಗ ಅಪ್ಪನ ನಂಬರಿನಿಂದ ಫೋನು. ಆ ಕಡೆ ಮಾತಾಡಿದ್ದು ಅಪ್ಪ ಅಲ್ಲ, ಮುತ್ಯಾ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ. ಆಗ ಅವರಿಗೆ ಎಂಬತ್ತೆಂಟು.

“ತಮ್ಮಾ, ಈ ಝಂಡಾ ಯಾಕ ತೆಗದಿ?”

“ಆಟಕ್ಕ ಮುತ್ಯಾ. ದೋಸ್ತರು ಕೂಡಿ ಒಂದು ಆಟ ಇಟ್ಟಾರ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಈ ಝಂಡಾದ ಸಲುವಾಗಿ ನಮ್ಮಣ್ಣ ಹದಿಮೂರು ತಿಂಗಳು ಮನಿ ಕಂಡಿದ್ದಿಲ್ಲ. ನಿನಗ ಯಾರೂ ಹೇಳಿಲ್ಲೇನು?”

ಯಾರೂ ಹೇಳಿರಲಿಲ್ಲ. ಅಪ್ಪನಿಗೇ ಅರ್ಧ ಗೊತ್ತಿತ್ತು. ನಾನು ಮೀಟಿಂಗ್‌ನಿಂದ ಹೊರಗೆ ಬಂದೆ. ಅವತ್ತು ಒಂದು ಗಂಟೆ, ಆ ವಾರದಲ್ಲಿ ಇನ್ನೂ ಮೂರು ಸಲ ಮಾತಾಡಿದೆವು. ಅದಕ್ಕಿಂತ ಮುಂಚೆ ಮುತ್ಯಾನ ಜತೆ ನಾನು ಫೋನಿನಲ್ಲಿ ಐದು ನಿಮಿಷ ದಾಟಿದ್ದೇ ಇಲ್ಲ. ಆರಾಮಿದ್ದೀರಾ, ಊಟ ಆಯ್ತಾ, ಅಷ್ಟೇ. ನಿಮ್ಮಲ್ಲಿ ಬಹಳ ಜನರದ್ದೂ ಹೀಗೇ ಇರಬಹುದು.

ಅವರು ಹೇಳಿದ್ದು ಇಷ್ಟು.

1947ರಲ್ಲಿ ಮುತ್ಯಾನಿಗೆ ಹದಿನೈದು, ಅವರಣ್ಣನಿಗೆ ಇಪ್ಪತ್ತು. ನಮ್ಮ ಊರಿನಿಂದ ಆ ಕಡೆ ಸ್ವಲ್ಪ ನಡೆದರೆ ಸಂಸ್ಥಾನ ಮುಗಿದು ಸೊಲ್ಲಾಪುರದ ಸೀಮೆ. ಜುಲೈ ಕೊನೆಗೆ ಆ ಕಡೆಯಿಂದ ಬಂದ ಯಾರೋ ಹೇಳಿದರು: ದಿಲ್ಲಿಯಲ್ಲಿ ಹೊಸ ಬಾವುಟ ಗೊತ್ತುಮಾಡಿದ್ದಾರೆ, ಬಣ್ಣ ಹಳೇವೇ, ಆದರೆ ಚರಕ ಇಲ್ಲ, ಚಕ್ರ ಬಂದಿದೆ. ಸುದ್ದಿ ನಿಜವೇ. ಸಂವಿಧಾನ ಸಭೆ ಅದನ್ನ ಒಪ್ಪಿದ್ದು ಜುಲೈ 22ಕ್ಕೆ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಭಾರತಕ್ಕೆ ಸೇರಬೇಕು ಅಂತ ಚಳವಳಿಗೆ ಕರೆ ಕೊಟ್ಟಿದ್ದ ಸಮಯ ಅದು. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು, ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯ ಕಡೆ. ಸಂಸ್ಥಾನದೊಳಗೆ ಆ ಬಾವುಟ ಹಾರಿಸೋದು ಅಪರಾಧ.

ಅಣ್ಣ ಮತ್ತು ಅವನ ಇಬ್ಬರು ಗೆಳೆಯರು ಬಾವುಟ ಮಾಡೋಕೆ ಕೂತರು. ಅಂಗಡಿಯಲ್ಲಿ ಮೂರು ಬಣ್ಣದ ಬಟ್ಟೆ ಒಟ್ಟಿಗೆ ಕೇಳಿದರೆ ಸಿಕ್ಕಿಬೀಳ್ತಾರೆ. ಹಾಗಾಗಿ ಬಿಳಿಗೆ ಧೋತರ ಹರಿದರು. ಹಸಿರಿಗೆ ಅವರವ್ವನ ಹಳೇ ಇಳಕಲ್ ಸೀರೆ. ಕೇಸರಿ ಎಲ್ಲೂ ಇಲ್ಲ. ಧೋತರದ ಇನ್ನೊಂದು ತುಂಡನ್ನ ಅರಿಶಿನದ ನೀರಿನಲ್ಲಿ ಅದ್ದಿ, ಅದಕ್ಕೆ ಚೂರೇ ಚೂರು ಸುಣ್ಣ ಬೆರೆಸಿದರು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತೆ ಅಂತ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು, ಆದರೆ ಎಷ್ಟು ಹಾಕಬೇಕು ಅನ್ನೋದು ಈ ಮೂವರಿಗೆ ಗೊತ್ತಿಲ್ಲ. ಮೊದಲ ಎರಡು ತುಂಡು ಕುಂಕುಮದ ಹಾಗೆ ಆಗಿ ಹಾಳಾದವು.

ಹೊಲಿದವರು ಊರಿನ ದರ್ಜಿ ಚಾಚಾ. ರಾತ್ರಿ ಬಾಗಿಲು ಹಾಕಿಕೊಂಡು ಹೊಲಿದರು, ಕಾಸು ಮುಟ್ಟಲಿಲ್ಲ. ನನ್ನ ಹೆಸರು ಎಲ್ಲೂ ಬರಬಾರದು ಅಂತ ಮಾತು ತಗೊಂಡರು. ಮುತ್ಯಾ ಎಪ್ಪತ್ತಮೂರು ವರ್ಷ ಆದಮೇಲೂ ನನಗೆ ಆ ಹೆಸರು ಹೇಳಲಿಲ್ಲ. ಮಾತು ಕೊಟ್ಟಾಗದ, ಮುಗೀತು ಅಂದರು.

ಉಳಿದದ್ದು ಚಕ್ರ. ಇಲ್ಲೇ ನೋಡಿ ನನಗೆ ಮೈ ಝುಮ್ ಅಂದದ್ದು. ಅಶೋಕ ಚಕ್ರ ಹೇಗಿರುತ್ತೆ ಅಂತ ಆ ಊರಿನಲ್ಲಿ ಒಬ್ಬರೂ ನೋಡಿಲ್ಲ. ಸಾರನಾಥದ ಹೆಸರೇ ಕೇಳಿಲ್ಲ. ಪತ್ರಿಕೆಯ ಚಿತ್ರ ಇಲ್ಲ. ಬಂದದ್ದು ಒಂದೇ ಪದ, ಚಕ್ರ.

“ಚಕ್ರ ಅಂದ್ರ ಮತ್ತೇನು ತಮ್ಮಾ, ಬಂಡಿ ಗಾಲಿ ಅಲ್ಲೇನು? ಅಂಗಳದಾಗ ಬಂಡಿ ನಿಂತಿತ್ತು. ನೋಡಿ ತೆಗದೆವು.”

ಊಟದ ಗಂಗಾಳ ಬೋರಲು ಹಾಕಿ ಹೊರಗಿನ ವೃತ್ತ, ಬಳೆ ಇಟ್ಟು ಒಳಗಿನದು. ಅರಿವೆಗೆ ಹಾಕೋ ನೀಲಿಯನ್ನ ಗಟ್ಟಿಯಾಗಿ ಕಲಸಿ ಬೇವಿನ ಕಡ್ಡಿಯಿಂದ ಬರೆದರು. ಬಂಡಿ ಗಾಲಿಗೆ ಎಷ್ಟು ಅರ ಇದ್ದವೋ ಅಷ್ಟೇ, ಹನ್ನೆರಡು. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಸರಿಯಾಗಿ ಕಾಣಲಿಲ್ಲ. ತಿರುಗಿಸಿ ಹಿಂದೆಯೂ ಬರೆದರು. ಎರಡೂ ಒಂದರ ಮೇಲೊಂದು ಕೂಡಲಿಲ್ಲ. ಬೆಳಕಿಗೆ ಹಿಡಿದರೆ ಜೋಡಿ ಗಾಲಿ ಕಂಡಂಗ ಕಾಣ್ತಿತ್ತು ಅಂತ ಮುತ್ಯಾ ನಗ್ತಿದ್ದರು.

ಆಗಸ್ಟ್ 15ರ ನಸುಕಿನಲ್ಲಿ ಹೊಲದ ಬೇವಿನ ಮರಕ್ಕೆ ಏರಿಸಿದರು. ಮಳೆ ಹನಿಯುತ್ತಿತ್ತು. ಅರಿಶಿನದ ಬಣ್ಣ ಇಳಿದು ಬಿಳಿ ಪಟ್ಟಿಯ ಮೇಲೆ ಹರಿಯೋಕೆ ಶುರುವಾಯ್ತು. ಅಷ್ಟರಲ್ಲಿ ಯಾರೋ ಬರ್ತಿದ್ದಾರೆ ಅಂತ ಸುದ್ದಿ. ಇಳಿಸಿದರು. ಹಾರಿದ್ದು ಎಷ್ಟು ಹೊತ್ತು ಅಂತ ಕೇಳಿದೆ. “ಒಂದು ಚಿಲುಮಿ ಸೇದೂ ಅಷ್ಟು.” ಅಣ್ಣ ಅದೇ ದಿನ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದ. ಗಡಿಯ ಆಚೆ ಹೋರಾಟಗಾರರ ಕ್ಯಾಂಪುಗಳಿದ್ದವು, ಅಲ್ಲಿದ್ದ. ಬಾವುಟವನ್ನ ಮುತ್ಯಾ ಜೋಳದ ಹಗೇವಿನಲ್ಲಿ ಇಳಿಬಿಟ್ಟರು. ಮುಂದಿನ ವರ್ಷ ಹಗೇವು ತೆಗೆದಾಗ ಅರಿವೆ ಕೊಳೆತು ಕೈಗೆ ಪುಡಿಯಾಗಿ ಬಂತು.

ಒಂದು ಮಾತು ಸೇರಿಸಬೇಕು. ಮುತ್ಯಾನಿಗೆ ಆ ಹಳದಿ ಬಾವುಟದ ಮೇಲೆ ಸಿಟ್ಟಿತ್ತು, ಆದರೆ ಆ ಕಾಲದ ಎಲ್ಲದರ ಮೇಲೂ ಅಲ್ಲ. ಅವರು ಶಾಲೆ ಕಲಿತದ್ದು ಉರ್ದುವಿನಲ್ಲಿ. ಕೊನೆಯವರೆಗೂ ಹೊಲದ ಲೆಕ್ಕ ಉರ್ದುವಿನಲ್ಲೇ ಬರೆದರು.

ಈಗ ನನ್ನ ಕೆಲಸಕ್ಕೆ ಬರೋಣ. ನಾನು ಕುಲ್ಚಾ ವಾಪಸ್ ತಗೊಂಡು ಮುತ್ಯಾನ ಬಾವುಟ ಬರೆದು ಕಳಿಸಿದೆ. ಕೇಸರಿ, ಬಿಳಿ, ಹಸಿರು, ನಡುವೆ ಹನ್ನೆರಡು ಅರದ ಬಂಡಿ ಗಾಲಿ. ಗುಂಪಿನಲ್ಲಿ ಗದ್ದಲ ಆಯ್ತು. ಬೆಂಗಳೂರಿನ ಗೆಳತಿಯೊಬ್ಬಳು ನೇರವಾಗಿ ಕೇಳಿದಳು: ನಾಲ್ಕನೇ ರೂಲ್ ಏನಾಯ್ತು? ಇದು ರಾಷ್ಟ್ರಧ್ವಜ ತಿದ್ದಿದ್ದಲ್ಲವಾ? ನಿಮ್ಮ ಅಜ್ಜನ ಬಗ್ಗೆ ಗೌರವ ಇದೆ, ಆದರೆ ಈ ಚಿತ್ರ ಮಾತ್ರ ಫಾರ್ವರ್ಡ್ ಆಗಿ ಎಲ್ಲಿಗೋ ಹೋದರೆ ಕಥೆ ಜತೆಗೆ ಹೋಗಲ್ಲ.

ಅವಳ ಮಾತು ಸರಿ ಇತ್ತು. ಆದರೂ ನಾನು ವಾದ ಮಾಡಿದೆ. ಯಾಕಂದ್ರೆ ಅಷ್ಟರಲ್ಲಿ ಸಾಕಷ್ಟು ಓದಿದ್ದೆ. ನಮಗೆ ರಾಷ್ಟ್ರಧ್ವಜ ಸಿದ್ಧವಾಗೇ ಆಕಾಶದಿಂದ ಇಳಿದ ಹಾಗೆ ಅನ್ನಿಸುತ್ತೆ. ನಮ್ಮ ಟ್ಯಾಂಕ್ ಬಂಡ್ ಮೇಲೆ ಪ್ರತಿಮೆಗಳ ಸಾಲಿದೆಯಲ್ಲ, ಅದರಲ್ಲಿ ಪಿಂಗಳಿ ವೆಂಕಯ್ಯನವರೂ ಇದ್ದಾರೆ. ಮಚಲೀಪಟ್ಟಣದ ಕಡೆಯವರು, ಹತ್ತಿ ಬೆಳೆ, ಭೂವಿಜ್ಞಾನ ಹೀಗೆ ಹತ್ತಾರು ಹುಚ್ಚು ಇದ್ದವರು. ಅವರು 1916ರಲ್ಲಿ ಭಾರತಕ್ಕೊಂದು ಧ್ವಜ ಅಂತ ಪುಸ್ತಿಕೆ ತಂದರು, ಅದರಲ್ಲಿ ಸುಮಾರು ಮೂವತ್ತು ವಿನ್ಯಾಸ ಇದ್ದವು. ಮೂವತ್ತು! ನಾವು ಹದಿನಾಲ್ಕು ಜನ ಸೇರಿ ಹನ್ನೊಂದು ಮಾಡಿದ್ದೆವು. ಅವರು 1921ರಲ್ಲಿ ಬೆಜವಾಡದಲ್ಲಿ ಗಾಂಧೀಜಿಗೆ ತೋರಿಸಿದ್ದರಲ್ಲಿ ಕೆಂಪು, ಹಸಿರು ಎರಡೇ ಬಣ್ಣ. ಬಿಳಿ ಆಮೇಲೆ ಸೇರಿತು. 1931ರಲ್ಲಿ ಕೇಸರಿ ಬಂತು. 1947ರಲ್ಲಿ ಚರಕದ ಜಾಗಕ್ಕೆ ಚಕ್ರ ಬಂತು.

ಚಕ್ರ ಯಾಕೆ ಅನ್ನೋದಕ್ಕೆ ನೆಹರೂ ಸಂವಿಧಾನ ಸಭೆಯಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು ನಮ್ಮಂಥವರಿಗೆ ಬಹಳ ಇಷ್ಟ ಆಗೋದು. ಚರಕದಲ್ಲಿ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ಧ್ವಜವನ್ನ ಹಿಂದಿನಿಂದ ನೋಡಿದರೆ ಅದು ತಿರುವುಮುರುವು ಆಗುತ್ತೆ. ಚಕ್ರ ಎರಡೂ ಕಡೆಯಿಂದ ಒಂದೇ. ಅಂದ್ರೆ ಅದು ಒಂದು ಬಗ್ ಫಿಕ್ಸ್ ಕೂಡ. ಆ ಫಿಕ್ಸ್ ನಮ್ಮ ಊರಿಗೆ ಬಾಯಿ ಮಾತಿನಲ್ಲಿ ಬಂದು ತಲುಪಿತು, ಸ್ಪೆಕ್ ಇಲ್ಲದೆ. ಈಗ ಸ್ಪೆಕ್ ಇದೆ: ಮೂರಕ್ಕೆ ಎರಡರ ಅನುಪಾತ, ಇಪ್ಪತ್ತನಾಲ್ಕು ಅರ, ಒಂಬತ್ತು ಅಳತೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ಅದಕ್ಕೆ ತಕ್ಕಂತೆ ಮಾಡ್ತಾರೆ. ಧಾರವಾಡದ ಹತ್ತಿರದ ಗರಗದಲ್ಲಿ ಅದರ ಖಾದಿ ನೇಯ್ತಾರೆ. ಬಟ್ಟೆಯ ಎರಡೂ ಕಡೆ ಚಕ್ರ ಅಚ್ಚು ಹಾಕಬೇಕು, ಒಂದರ ಬೆನ್ನಿಗೆ ಒಂದು ಕರೆಕ್ಟಾಗಿ ಕೂರಬೇಕು. ನಮ್ಮ ಮೂವರು ಹುಡುಗರು ಸೋತದ್ದು ಅಲ್ಲೇ.

ಇಷ್ಟೆಲ್ಲ ಬರೆದೆ. ಕೊನೆಗೆ ಡಬ್ಲಿನ್ ಗೆಳೆಯ ಒಂದು ದಾರಿ ಹುಡುಕಿದ. ಚಿತ್ರವನ್ನ ಸ್ಪರ್ಧೆಯ ಹೊರಗೆ ಇಡೋಣ, ಕಥೆ ಮಾತ್ರ ಎಲ್ಲರೂ ಓದಲಿ. ಒಪ್ಪಿಕೊಂಡೆ. ಗೆದ್ದದ್ದು ಚಾಡ್ ದೇಶದ ಧ್ವಜ. ಅದು ರೊಮೇನಿಯಾದ ಧ್ವಜದ ಹಾಗೇ ಇದೆ, ನೀಲಿಯ ಛಾಯೆ ಅಷ್ಟೇ ಬೇರೆ. ನಮ್ಮ ಸಿಯಾಟಲ್ ಗೆಳೆಯ ನಡುವೆ ಚಾಡ್ ಸರೋವರ ಅಂತ ಒಂದು ನೀಲಿ ಗುಂಡು ಇಟ್ಟು ಎರಡು ದೇಶದ ಗೊಂದಲ ಬಗೆಹರಿಸಿದ. ಬಿರಿಯಾನಿ ಇನ್ನೂ ಬಾಕಿ ಇದೆ.

ಕುಲ್ಚಾ ತೆಗೆದದ್ದು ಸರಿಯಾ ಅಂತ ನನಗೆ ಈಗಲೂ ಒಂದು ಮನಸ್ಸಿಲ್ಲ. ನಾನು ಅನ್ನ ತಿನ್ನೋ ಊರಿನ ಚರಿತ್ರೆ ಅದು, ವಿನ್ಯಾಸವೂ ಚೆನ್ನಾಗೇ ಇತ್ತು. ಫೈಲ್ ಡಿಲೀಟ್ ಮಾಡಿಲ್ಲ. ಆದರೆ ಮುತ್ಯಾ ಇರೋ ಗುಂಪಿನಲ್ಲಿ ಅದನ್ನ ತಮಾಷೆಗೆ ಹಾಕೋಕೆ ಮತ್ತೆ ಕೈ ಬರಲ್ಲ.

ಟೆಡ್ ಕೇ ಅವರ ಐದು ಸೂತ್ರಕ್ಕೆ ನಾನು ಆರನೇದೊಂದು ಸೇರಿಸಿಕೊಂಡಿದ್ದೇನೆ: ಒಬ್ಬ ದರ್ಜಿ ಒಂದು ರಾತ್ರಿಯಲ್ಲಿ ಹೊಲಿಯೋಕೆ ಆಗಬೇಕು. ನಮ್ಮ ಕನ್ನಡ ಬಾವುಟವನ್ನ ಇದಕ್ಕೆ ಹಚ್ಚಿ ನೋಡಿ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಅರಿಶಿನ ಕುಂಕುಮದ ಬಾವುಟಕ್ಕೆ ಎರಡು ತುಂಡು ಬಟ್ಟೆ ಸಾಕು. ಪ್ರತಿ ನವೆಂಬರಿಗೆ ನಾವು ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಬಟ್ಟೆ ತಗೊಂಡು ಅಪಾರ್ಟ್‌ಮೆಂಟಿನ ಕೆಳಗಿರೋ ಟೈಲರ್ ಹತ್ತಿರ ಹೊಲಿಸ್ತೀವಿ. ಅವರಿಗೆ ಕನ್ನಡ ಬರಲ್ಲ, ಚಿತ್ರವೂ ಕೇಳಲ್ಲ, ಮೇಲೆ ಹಳದಿ ಕೆಳಗೆ ಕೆಂಪು ಅಂದ್ರೆ ಮುಗೀತು. 2018ರ ಮಾರ್ಚ್ 8ರಂದು ರಾಜ್ಯ ಸರ್ಕಾರ ಹೊಸ ನಾಡಧ್ವಜ ಅಂತ ತೋರಿಸಿತಲ್ಲ, ಹಳದಿ, ಬಿಳಿ, ಕೆಂಪು, ನಡುವೆ ಗಂಡಭೇರುಂಡ ಇರೋ ರಾಜ್ಯದ ಲಾಂಛನ, ಅದನ್ನ ಹೀಗೆ ಹೊಲಿಸೋಕೆ ಆಗಲ್ಲ. ಪ್ರಿಂಟ್ ಮಾಡಿಸಬೇಕು. ಲಾಂಛನ ಚೆಂದ, ಆದರೆ ಅದು ಲೆಟರ್‌ಹೆಡ್ಡಿಗೆ ಚೆಂದ. ಇದು ನನ್ನ ಅಭಿಪ್ರಾಯ, ಕಮೆಂಟಿನಲ್ಲಿ ಬೈಯೋರು ಬೈಯಬಹುದು.

ಕೊನೇದಾಗಿ ಮುತ್ಯಾ ನನ್ನ ವಿನ್ಯಾಸಕ್ಕೆ ಏನಂದರು ಅಂತ ಹೇಳಿ ಮುಗಿಸ್ತೀನಿ. ಅಪ್ಪ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದರಂತೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಭಾಳ ನೆಟ್ಟಗ ಅದ,” ಅಂದರು. “ನಮ್ಮದು ಹಿಂಗ ಇದ್ದಿಲ್ಲ.”

ನಾನು ಎರಡು ಚಕ್ರ ಹಾಕಿ, ಒಂದನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ, ಕೇಸರಿಯನ್ನ ಕೆಳಗೆ ಹರಿಸಿ ಇನ್ನೊಂದು ಕಳಿಸಿದೆ. ಅದಕ್ಕೂ ತಲೆ ಅಲ್ಲಾಡಿಸಿದರು. ಆಮೇಲೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ, ಗಂಗಾಳ ಇಟ್ಟು, ಬಳೆ ಇಟ್ಟು, ಬಾಲ್‌ಪೆನ್ನಿನಲ್ಲಿ ತಾವೇ ಬರೆದರು. ದೀಪಾವಳಿಗೆ ಊರಿಗೆ ಹೋದಾಗ ಕೊಟ್ಟರು. ಮರುವರ್ಷ ತೀರಿಕೊಂಡರು. ಆ ಹಾಳೆ ಈಗ ನನ್ನ ಮೇಜಿನ ಮೇಲೆ ಗಾಜಿನ ಕೆಳಗಿದೆ, ಸ್ಕ್ರೀನಿನಲ್ಲಿ ನೀವು ನೋಡ್ತಿರೋದು ಅದರ ಫೋಟೊ. ಒಂದು ಅರ ಬಿಟ್ಟುಹೋಗಿದೆ, ಹನ್ನೊಂದೇ ಇವೆ.